ಕುದುರೆಯ ಬಳಿಯಲ್ಲಿ ಹೇಗೆ ನಡೆದುಕೊಳ್ಳಬೇಕು?

ಮೋಟಾರು ವಾಹನಗಳ ಈ ಕಾಲದಲ್ಲಿ ಕುದುರೆಯ ಪಾಠವೇತಕ್ಕೆಂದು ಕೆಲವರು ಕೇಳಬಹುದು. ವಾಡಿಯಿಂದ ಸಿಕಂದರಾಬಾದಿನವರೆಗೆ 1874ರಲ್ಲಿ ರೈಲುಮಾರ್ಗವು ಪೂರ್ಣಗೊಂಡ ತರುವಾಯ ಬಹುಕಾಲ ಈ ಸೀಮೆಯಲ್ಲಿ ನಿಲ್ದಾಣದಿಂದ ಊರೊಳಕ್ಕೆ ಜನರನ್ನು ಒಯ್ಯುತ್ತಿದ್ದುದು ಟಾಂಗಾ. ಆಗ ಮಕ್ಕಳು ಕುದುರೆಯ ಸ್ವಭಾವವನ್ನು ಬೀದಿಯಲ್ಲಿಯೇ ಕಲಿಯುತ್ತಿದ್ದರು. ಟಾಂಗಾ ಹೋಯಿತು, ಆ ತಿಳುವಳಿಕೆಯೂ ಅದರೊಡನೆ ಹೋಯಿತು. ಆದರೆ ಕುದುರೆ ಪೂರ್ತಿಯಾಗಿ ಹೋಗಲಿಲ್ಲ. ಸೇಡಂ, ಚಿತ್ತಾಪುರ, ಶಹಾಬಾದಗಳಲ್ಲಿ ಮದುಮಗನ ಮೆರವಣಿಗೆಗೆ ಅದು ಬರುತ್ತದೆ. ತೊಗರಿ ಕೊಯ್ದ ಹೊಲಗಳಲ್ಲಿ ಕುರಿಗಾರರು ಬೀಡುಬಿಟ್ಟಾಗ ಅವರ ತಟ್ಟು ಕುದುರೆಗಳು ಗಂಟುಮೂಟೆಗಳನ್ನೂ, ನಡೆಯಲಾರದ ಎಳೆಯ ಮರಿಗಳನ್ನೂ ಹೊತ್ತು ಬರುತ್ತವೆ.

ಇಂಥ ಒಂದು ತಟ್ಟುವಿನಿಂದಲೇ ನಾವು ಈ ಪಾಠವನ್ನು ಕಲಿತೆವು. ಕೆಲವು ವರುಷಗಳ ಹಿಂದೆ ಎಂಟನೆಯ ತರಗತಿಯ ಬಾಲಿಕೆಯರನ್ನು ವನಸ್ಪತಿ ಪರಿಚಯಕ್ಕೆಂದು ಊರ ಹೊರಗೆ ಕರೆದೊಯ್ದಿದ್ದೆವು. ದಾರಿಯಲ್ಲಿ ಕುರಿಗಾರರ ಹೆಣ್ಣುಮಗಳೊಬ್ಬಳು ಕುದುರೆಯನ್ನು ಹಿಡಿದು ನಿಂತಿದ್ದಳು. ಬಾಲಿಕೆಯರು ಸುತ್ತ ಮುತ್ತಿದರು, ನಾವು ತಡೆಯಲಿಲ್ಲ. ಚಿಂಚೋಳಿ ಕಡೆಯ ಹುಡುಗಿಯೊಬ್ಬಳು ಹಗ್ಗವನ್ನು ಕೇಳಿ ಪಡೆದು, ಜಾರದಿರಲೆಂದು ಅಂಗೈಗೆ ಎರಡು ಸುತ್ತು ಸುತ್ತಿಕೊಂಡಳು. ಅಷ್ಟರಲ್ಲಿ ಕಲ್ಲು ತುಂಬಿದ ಲಾರಿಯೊಂದು ಹಾರನ್ನು ಬಾರಿಸಿತು. ಕುದುರೆ ಒಮ್ಮೆಲೆ ಹಿಂದಕ್ಕೆ ಜಿಗಿಯಿತು. "ಹಗ್ಗ ಬಿಡವ್ವಾ, ಬಿಡು!" ಎಂದು ಆ ಹೆಣ್ಣುಮಗಳು ಕೂಗಿದಳು. ಸುತ್ತಿಕೊಂಡ ಹಗ್ಗವನ್ನು ಬಿಡುವುದು ಹೇಗೆ? ಹತ್ತು ಮಾರು ದೂರ ಎಳೆದುಕೊಂಡು ಹೋಯಿತು. ಎರಡು ಬೆರಳುಗಳು ಮುರಿದವು, ಅಂಗೈಯ ಚರ್ಮವು ಸುಲಿಯಿತು. "ಅದು ಸಿಟ್ಟಿಗಿ ಬಂದಿಲ್ರೀ ಅಕ್ಕೋರ, ಅಂಜೇದ" ಎಂದು ಆಕೆ ಕುದುರೆಯ ಕೊರಳನ್ನು ಸವರುತ್ತ ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ. ತಪ್ಪು ಕುದುರೆಯದಲ್ಲ, ಬಾಲಿಕೆಯದೂ ಅಲ್ಲ, ಉಪಾಧ್ಯಾಯಿನಿಯರಾದ ನಮ್ಮದು.

ಕುದುರೆಯು ಹುಲ್ಲು ತಿಂದು ಬದುಕುವ, ಬೇಟೆಗೆ ಗುರಿಯಾಗುವ ಪ್ರಾಣಿ. ಓಟವೇ ಅದರ ಮೊದಲ ರಕ್ಷಣೆ. ಓಡಲು ದಾರಿಯಿಲ್ಲದಿದ್ದರೆ ಮಾತ್ರ ಒದೆಯುವುದು, ಕಚ್ಚುವುದು. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ನಿಂತಲ್ಲಿಂದಲೇ ಹೆಚ್ಚುಕಡಮೆ ಸುತ್ತಲೂ ಕಾಣುತ್ತದೆ. ಆದರೆ ಬಾಲದ ನೇರ ಹಿಂದೆಯೂ, ಹಣೆಯ ಮುಂದೆ ತೀರ ಸಮೀಪದಲ್ಲಿಯೂ, ಮೂಗಿನ ಕೆಳಗೂ ಏನೂ ಕಾಣದು. ನಮ್ಮ ಮಕ್ಕಳು ಹೋಗಿ ನಿಲ್ಲುವುದು ಸರಿಯಾಗಿ ಆ ಸ್ಥಳಗಳಲ್ಲಿಯೇ! ಮೂತಿಯನ್ನು ಮುಟ್ಟಲು ಎದುರಿಗೆ, ಬಾಲವನ್ನು ನೋಡಲು ಹಿಂದುಗಡೆ.

ಆದಕಾರಣ ಮೊದಲು ಒಡೆಯನನ್ನು ಕೇಳತಕ್ಕದ್ದು. ಬಳಿಕ ಮೆಲ್ಲನೆ ಮಾತಾಡುತ್ತ, ಕುದುರೆಯ ಎಡಹೆಗಲಿನ ಕಡೆಗೆ ಓರೆಯಾಗಿ ನಡೆದು, ಮೊದಲು ಕೊರಳನ್ನೋ ಹೆಗಲನ್ನೋ ಮುಟ್ಟಬೇಕು. ಎಡಗಡೆಯೇ ಏಕೆಂದರೆ ಕುದುರೆಗಳನ್ನು ಬಹುಮಟ್ಟಿಗೆ ಆ ಕಡೆಯಿಂದಲೇ ಪಳಗಿಸಿರುತ್ತಾರೆ. ಕಿವಿಗಳನ್ನು ನೋಡುತ್ತಿರಬೇಕು. ಮುಂದಕ್ಕೆ ನಿಮಿರಿದ್ದರೆ ಅದು ಏನನ್ನೋ ಗಮನಿಸುತ್ತಿದೆ. ತಲೆಗೆ ಅಂಟುವಂತೆ ಹಿಂದಕ್ಕೆ ಮಡಿಚಿದ್ದರೆ ಕೂಡಲೆ ದೂರ ಸರಿಯತಕ್ಕದ್ದು. ಒಂದು ಹಿಂಗಾಲನ್ನು ಸಡಿಲಿಸಿ ನಿಂತಿದ್ದರೆ ಬಹುಶಃ ವಿಶ್ರಾಂತಿಯೇ. ಆದರೂ ಹಿಂದುಗಡೆ ಹಾಯಬೇಕಾದರೆ ಕುದುರೆಯ ಉದ್ದದ ಎರಡರಷ್ಟು ದೂರದಿಂದ ಸುತ್ತಿಕೊಂಡು ಹೋಗಬೇಕು. ಪಳಗಿದವರು ಬೆನ್ನಿನ ಮೇಲೆ ಕೈಯಿಟ್ಟು, ಒದೆಗೆ ಬಲ ಬಾರದಷ್ಟು ಮೈಗೆ ಅಂಟಿಕೊಂಡೇ ದಾಟುವುದುಂಟು. ಮಕ್ಕಳು ಅದನ್ನು ಅನುಕರಿಸಕೂಡದು.

ಹಗ್ಗದ ಮಾತನ್ನು ನಾವು ಎಷ್ಟು ಸಾರಿ ಹೇಳಿದರೂ ಸಾಲದು. ಕೈಗಾಗಲಿ, ನಡುವಿಗಾಗಲಿ, ಮಣಿಕಟ್ಟಿಗಾಗಲಿ ಎಂದೂ ಸುತ್ತಿಕೊಳ್ಳಬಾರದು. ಉಳಿದ ಹಗ್ಗವನ್ನು ಉಂಗುರದಂತೆ ಸುರುಳಿ ಮಾಡದೆ, ಸೀರೆಯ ನೆರಿಗೆಯಂತೆ ಹಿಂದಕ್ಕೂ ಮುಂದಕ್ಕೂ ಮಡಿಚಿ, ಮಡಿಕೆಗಳ ನಡುವನ್ನು ಮುಷ್ಟಿಯಲ್ಲಿ ಹಿಡಿಯಬೇಕು. ಎಳೆದರೆ ಅದು ಬೆರಳುಗಳ ಮೇಲೆ ಬಿಗಿಯುವುದಿಲ್ಲ. ನಡೆಸುವಾಗ ಮುಂದೆ ನಿಂತು ಜಗ್ಗದೆ ಹೆಗಲಿನ ಪಕ್ಕದಲ್ಲಿ ನಡೆಯಬೇಕು. ಕುದುರೆ ಬೆದರಿ ಕಿತ್ತುಕೊಂಡರೆ ಬಿಟ್ಟುಬಿಡತಕ್ಕದ್ದು. ಚಿಕ್ಕ ತಟ್ಟುವಿನ ತೂಕವೂ ಕಡಮೆಯದಲ್ಲ. ಅದರೊಡನೆ ಜಗ್ಗಾಟದಲ್ಲಿ ಗೆದ್ದವರಿಲ್ಲ. ಕಟ್ಟುವುದಾದರೆ ಅಲುಗಾಡದ ಗೂಟಕ್ಕೆ, ಒಂದೇ ಎಳೆತಕ್ಕೆ ಬಿಚ್ಚುವ ಗಂಟಿನಿಂದ ಕಟ್ಟಬೇಕು. ಸೈಕಲ್ಲಿಗಾಗಲಿ ಕಲ್ಲುಚಪ್ಪಡಿಗಾಗಲಿ ಕಟ್ಟಬಾರದು.

ತಿನ್ನಲು ಕೊಡುವಾಗ ಅಂಗೈಯನ್ನು ಚಪ್ಪಟೆಯಾಗಿ ಚಾಚಬೇಕು. ಮಡಿಚಿದ ಬೆರಳು ಗಜ್ಜರಿಯಂತೆಯೇ ಹಲ್ಲಿಗೆ ಸಿಗುವುದು. ಗೋಡೆಗೂ ಕುದುರೆಗೂ ನಡುವೆ ನಿಲ್ಲಬಾರದು, ಅದರ ಕಾಲ ಬಳಿ ನೆಲದ ಮೇಲೆ ಕೂಡಬಾರದು. ಹಾರಾಡುವ ದುಪಟ್ಟಾವನ್ನು ಬಿಗಿದು ಕಟ್ಟಿಕೊಳ್ಳಬೇಕು.

ಮೆರವಣಿಗೆಯ ಕುದುರೆಯ ವಿಷಯದಲ್ಲಿ ತಾಯಂದಿರು ವಿಶೇಷವಾಗಿ ಎಚ್ಚರಿಕೆಯಿಂದಿರಬೇಕು. ಬ್ಯಾಂಡು, ಪಟಾಕಿ, ಕಣ್ಣು ಕೋರೈಸುವ ದೀಪ, ನಾಲ್ಕೂ ಕಡೆ ಒತ್ತುವ ಜನ: ಓಡಿಹೋಗುವುದೇ ಸ್ವಭಾವವಾದ ಪ್ರಾಣಿಗೆ ಇದು ಎಂಥ ಹಿಂಸೆಯೆಂಬುದನ್ನು ಊಹಿಸಿರಿ. ಅದರ ಮುಂದೆ ಪಟಾಕಿ ಹಾರಿಸುವವರನ್ನು ತಡೆಯುವ ಅಧಿಕಾರ ಮದುವೆಯ ಮನೆಯವರಿಗೇ ಉಂಟಷ್ಟೆ. ಸಣ್ಣ ಮಕ್ಕಳನ್ನು ಮದುಮಗನ ಮುಂದೆ ಕೂಡ್ರಿಸುವ ಪದ್ಧತಿಯೂ ನಮಗೆ ಸರಿಕಾಣದು.

ಗಾಯವಾದರೆ ಅರಿಸಿನ ಮೆತ್ತಿ ಸುಮ್ಮನಿರಲಾಗದು. ಧನುರ್ವಾಯುವಿನ ರೋಗಾಣುಗಳು ಕುದುರೆಯ ಲದ್ದಿಯಲ್ಲಿಯೂ, ಅದು ಬೆರೆತ ಮಣ್ಣಿನಲ್ಲಿಯೂ ಇರುತ್ತವೆ. ಗಾಯವನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರ ಬಳಿಗೆ ಹೋಗಬೇಕು. ಕಚ್ಚಿದ್ದರೆ ಹದಿನೈದು ನಿಮಿಷ ತೊಳೆದು, ಅದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. ಹುಚ್ಚುನಾಯಿಯ ರೋಗವು ಕುದುರೆಗೂ ತಗಲಬಹುದು. ಹೊಟ್ಟೆಗೋ ತಲೆಗೋ ಒದೆ ಬಿದ್ದಿದ್ದರೆ ಹೊರಗೆ ಗಾಯ ಕಾಣದಿದ್ದರೂ ತಡಮಾಡಕೂಡದು.

ಅಂದು ಆಸ್ಪತ್ರೆಯಲ್ಲಿ ವೈದ್ಯರು, ಈ ಹುಡುಗಿಗೆ ಧನುರ್ವಾಯುವಿನ ಚುಚ್ಚುಮದ್ದು ಎಂದು ಹಾಕಿಸಿದ್ದೀರಿ ಎಂದು ಕೇಳಿದಾಗ ನಾವು ಉತ್ತರವಿಲ್ಲದೆ ನಿಂತೆವು. ಹತ್ತನೆಯ ವಯಸ್ಸಿನಲ್ಲಿಯೂ ಹದಿನಾರನೆಯದರಲ್ಲಿಯೂ ಅದನ್ನು ಹಾಕಿಸತಕ್ಕದ್ದು. ಈಗ ಪ್ರತಿಯೊಬ್ಬ ವಿದ್ಯಾರ್ಥಿನಿಯ ಪ್ರವೇಶಪತ್ರದಲ್ಲಿ ಅದಕ್ಕೊಂದು ಸಾಲನ್ನು ಸೇರಿಸಿದ್ದೇವೆ. ಅನೇಕ ಪಾಲಕರು ಅದನ್ನು ಖಾಲಿ ಬಿಡುತ್ತಾರೆ; ದಯಮಾಡಿ ತಾರೀಖು ಬರೆದು ಕಳುಹಿಸಬೇಕು.