ಡಬ್ಬಿಯನ್ನು ದೂರಬೇಡ, ಹಾಪ್ಸ್ ಹಾಕುವ ಹೊತ್ತು ನೋಡು

ಅಳಿಯಾ, ಮನೆಯಲ್ಲೇ ಐಪಿಎ (ಇಂಡಿಯಾ ಪೇಲ್ ಏಲ್) ಬಿಯರ್ ಮಾಡಲು ಎಕ್ಸ್‌ಟ್ರಾಕ್ಟ್ ಕಿಟ್ ತರಿಸಿದ್ದೇನೆ ಎಂದೆಯಲ್ಲ, ಒಳ್ಳೆಯದಾಯಿತು. ಕಿಟ್ಟಿನ ಬಿಯರ್ ಸಪ್ಪೆ, ಕಾಳಿನಿಂದಲೇ ಶುರುಮಾಡಿದರೆ ಮಾತ್ರ ನಿಜವಾದ ಬಿಯರ್ ಅಂತ ನಿನ್ನ ಗೆಳೆಯರು ಹೇಳುತ್ತಾರಂತೆ. ಅದನ್ನು ತಲೆಗೆ ಹಚ್ಚಿಕೊಳ್ಳಬೇಡ. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಬಿಸಿನೀರಿನಲ್ಲಿ ನೆನೆಸಿ ಅದರ ಸಿಹಿಯನ್ನು ಇಳಿಸಿಕೊಳ್ಳುವ ಕೆಲಸವನ್ನು ಕಾರ್ಖಾನೆಯವರು ಮುಗಿಸಿ, ನೀರು ಇಂಗಿಸಿ ಡಬ್ಬಿಗೆ ತುಂಬಿರುತ್ತಾರೆ, ಎಕ್ಸ್‌ಟ್ರಾಕ್ಟ್ ಅಂದರೆ ಅಷ್ಟೇ. ಐಪಿಎಯ ಜೀವ ಇರುವುದು ಕಹಿ, ಘಮ ಕೊಡುವ ಹಾಪ್ಸ್‌ನಲ್ಲಿ. ಅದನ್ನು ಯಾವಾಗ, ಎಷ್ಟು ಹಾಕುತ್ತೀ ಅನ್ನುವುದು ಪೂರ್ತಿ ನಿನ್ನ ಕೈಯಲ್ಲಿದೆ.

ನೀನಿರುವ ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡಲು ಅಡ್ಡಿಯಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಂತೆ ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200 ಗ್ಯಾಲನ್ ಬಿಯರ್ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ. ಆದರೆ ರಜೆಗೆ ಊರಿಗೆ ಹೋಗುವಾಗ, ಅಪ್ಪನಿಗೂ ಮಾಡಿ ತೋರಿಸೋಣವೆಂದು ಕಿಟ್ ಹೊತ್ತೊಯ್ಯಬೇಡ. ಕರ್ನಾಟಕದ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಕಿಟ್ ಕೈಗೆ ಬಂದ ಕೂಡಲೇ ಮೊದಲು ತಾರೀಖು ನೋಡು. ದ್ರವರೂಪದ ಎಕ್ಸ್‌ಟ್ರಾಕ್ಟ್ ಹಳತಾದಷ್ಟೂ ಕಪ್ಪಾಗುತ್ತದೆ, ಬಿಯರಿಗೆ ಹಳಸಲು ರುಚಿ ಬರುತ್ತದೆ. ಅನುಮಾನವಿದ್ದರೆ ಪುಡಿ ಎಕ್ಸ್‌ಟ್ರಾಕ್ಟ್ ತೆಗೆದುಕೋ, ಅದು ಹೆಚ್ಚು ಕಾಲ ತಾಳುತ್ತದೆ. ಹಾಪ್ಸ್ ಪೊಟ್ಟಣ ಬಿಚ್ಚಿ ಮೂಸಿ ನೋಡು. ಗುಳಿಗೆ ಹಸಿರಾಗಿದ್ದು, ಕಿತ್ತಳೆ ಸಿಪ್ಪೆಯದೋ ಪೈನ್ ಮರದ್ದೋ ಘಮ ಮೂಗಿಗೆ ಬಡಿಯಬೇಕು. ಕಂದು ತಿರುಗಿ ಹಳೇ ಚೀಸಿನ ವಾಸನೆ ಬಂದರೆ ಎಸೆದುಬಿಡು, ಬೇರೆ ಕೊಂಡುಕೋ. ನೀನಿರುವ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲೇ ಅಮೆರಿಕದ ಬಹುಪಾಲು ಹಾಪ್ಸ್ ಬೆಳೆಯುತ್ತಾರೆ, ತಾಜಾ ಮಾಲಿಗೆ ಅಲ್ಲಿ ಬರವಿಲ್ಲ. ಮೊದಲ ಸಲ ಘಮಕ್ಕೆ ಕ್ಯಾಸ್ಕೇಡ್ ಮತ್ತು ಸೆಂಟೆನಿಯಲ್ ತಳಿಗಳು ಸಾಕು. ಒರೆಗಾನ್‌ನಲ್ಲಿ ಅಭಿವೃದ್ಧಿಪಡಿಸಿ 1972ರಲ್ಲಿ ರೈತರಿಗೆ ಬಿಡುಗಡೆ ಮಾಡಿದ ತಳಿ ಕ್ಯಾಸ್ಕೇಡ್. ಅಮೆರಿಕದ ಪೇಲ್ ಏಲ್‌ಗೆ ಚಕ್ಕೋತದ ಘಮ ತಂದುಕೊಟ್ಟದ್ದು ಅದೇ.

ಈಗ ಒಲೆಯ ಹತ್ತಿರ ಬಾ. 19 ಲೀಟರ್ ಬಿಯರಿಗೆ ಸುಮಾರು 3 ಕಿಲೋ ತಿಳಿ ಬಣ್ಣದ ಪುಡಿ ಎಕ್ಸ್‌ಟ್ರಾಕ್ಟ್ ಬೇಕು. ಕಾಲು ಕಿಲೋ ಕ್ರಿಸ್ಟಲ್ ಮಾಲ್ಟ್ ಕಾಳನ್ನು ಬಟ್ಟೆ ಚೀಲದಲ್ಲಿ ಕಟ್ಟಿ 65-70 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅರ್ಧ ಗಂಟೆ ಇಳಿಬಿಡು. ತಾಜಾ ಕಾಳಿನ ಪರಿಮಳ ಬರುವುದು ಅದರಿಂದ. ಎಕ್ಸ್‌ಟ್ರಾಕ್ಟ್ ಹಾಕುವ ಮುಂಚೆ ಪಾತ್ರೆಯನ್ನು ಒಲೆಯಿಂದ ಇಳಿಸು, ಇಲ್ಲವಾದರೆ ತಳ ಹಿಡಿದು ಸೀದ ವಾಸನೆ ಬಂದೀತು. ಅರ್ಧ ಎಕ್ಸ್‌ಟ್ರಾಕ್ಟ್ ಮೊದಲೇ ಹಾಕು, ಉಳಿದರ್ಧವನ್ನು ಕುದಿ ಮುಗಿಯಲು ಹತ್ತು ನಿಮಿಷವಿರುವಾಗ ಸೇರಿಸು. ಬಣ್ಣ ತಿಳಿಯಾಗಿ ಉಳಿಯುತ್ತದೆ, ಹಾಪ್ಸ್ ಕಹಿಯನ್ನೂ ಚೆನ್ನಾಗಿ ಬಿಡುತ್ತದೆ. ಮೊದಲ ಕುದಿಗೆ ನೊರೆ ಉಕ್ಕಿ ಬರುತ್ತದೆ, ಆ ಐದು ನಿಮಿಷ ಫೋನ್ ಹಿಡಿಯದೆ ಪಾತ್ರೆಯ ಮುಂದೆಯೇ ನಿಲ್ಲು.

ಹಾಪ್ಸ್‌ನಲ್ಲಿ ಕಹಿ ಬೇರೆ, ಘಮ ಬೇರೆ. ಕಹಿ ಬಿಡಿಸಿಕೊಳ್ಳಲು ಒಂದು ಗಂಟೆ ಕುದಿಸಬೇಕು. ಘಮದ ಎಣ್ಣೆಗಳು ಅಷ್ಟು ಹೊತ್ತು ಕುದಿಸಿದರೆ ಹಬೆಯ ಜೊತೆ ಹಾರಿಹೋಗುತ್ತವೆ. ನಿನ್ನ ಅತ್ತೆ ತಿಳಿಸಾರಿಗೆ ಕೊತ್ತಂಬರಿ ಸೊಪ್ಪನ್ನು ಒಲೆ ಆರಿಸುವಾಗ ಹಾಕುವುದನ್ನು ನೋಡಿದ್ದೀಯಲ್ಲ, ಇಲ್ಲೂ ಹಾಗೆಯೇ. ಕುದಿ ಶುರುವಾದಾಗ ಮ್ಯಾಗ್ನಂ ಥರದ ಕಹಿ ಹಾಪ್ಸ್ 28 ಗ್ರಾಂ ಹಾಕಿದರೆ ಸಾಕು. ಕೊನೆಯ ಹತ್ತು ನಿಮಿಷಕ್ಕೆ ಇನ್ನೊಂದು 28 ಗ್ರಾಂ ಕ್ಯಾಸ್ಕೇಡ್. ಆಮೇಲೆ ಒಲೆ ಆರಿಸಿ, ಶಾಖ 80 ಡಿಗ್ರಿಗಿಂತ ಕೆಳಗಿಳಿದ ಮೇಲೆ ಘಮದ ಹಾಪ್ಸ್ 60 ಗ್ರಾಂ ಹಾಕಿ, ಮುಚ್ಚಿ, ಇಪ್ಪತ್ತು ನಿಮಿಷ ಬಿಡು. ಕಿಟ್ಟಿನ ಚೀಟಿಯಲ್ಲಿ ಈ ಕೊನೆಯ ಹಂತ ಎಷ್ಟೋ ಸಲ ಇರುವುದೇ ಇಲ್ಲ. ಸಪ್ಪೆ ಅನ್ನುವ ದೂರು ಹುಟ್ಟುವುದು ಅಲ್ಲೇ. ನಿನ್ನದು ಮೊದಲೇ ಹಾಪ್ಸ್ ಬೆರೆಸಿದ ಡಬ್ಬಿಯಾದರೆ ಅದನ್ನು ಕುದಿಸಲೇಬೇಡ. ಆ ಡಬ್ಬಿಯ ಮೇಲೆ ಒಂದು ಕಿಲೋ ಸಕ್ಕರೆ ಸೇರಿಸಿ ಎಂದು ಬರೆದಿದ್ದರೆ, ಸಕ್ಕರೆಯ ಬದಲು ಪುಡಿ ಎಕ್ಸ್‌ಟ್ರಾಕ್ಟ್ ಹಾಕು. ಬರೀ ಸಕ್ಕರೆಯಿಂದ ಬಿಯರ್ ತೆಳುವಾಗುತ್ತದೆ.

ಒಲೆಯಿಂದ ಇಳಿಸಿದ ಮೇಲೆ ಮುಟ್ಟುವ ಸೌಟು, ಕೊಳವೆ, ಬಕೆಟ್ಟು ಎಲ್ಲವನ್ನೂ ಮೊದಲು ತೊಳೆದು, ಆಮೇಲೆ ಸ್ಯಾನಿಟೈಸರಿನಲ್ಲಿ ಅದ್ದಿರಬೇಕು. ಕೊಳೆ ಇದ್ದ ಕಡೆ ಸ್ಯಾನಿಟೈಸರ್ ಕೆಲಸ ಮಾಡುವುದಿಲ್ಲ. ಸಿಂಕಿನಲ್ಲಿ ಐಸ್ ತುಂಬಿ ಪಾತ್ರೆ ಇಟ್ಟು 18 ಡಿಗ್ರಿಗೆ ಬೇಗ ತಣಿಸು, ಆಮೇಲೆ ಯೀಸ್ಟ್ ಹಾಕು. ಮೊದಲ ಮೂರು ದಿನ ಯೀಸ್ಟ್ ತಾನೇ ಶಾಖ ಹುಟ್ಟಿಸುತ್ತದೆ, ಕೋಣೆಗಿಂತ ಬಕೆಟ್ಟು ಬೆಚ್ಚಗಿರುತ್ತದೆ. 20 ಡಿಗ್ರಿ ದಾಟದ ಹಾಗೆ ನೀರಿನ ಟಬ್ಬಿನಲ್ಲಿ ನಿಲ್ಲಿಸು. ಹೆಚ್ಚು ಬಿಸಿಯಾದರೆ ಘಾಟು ಬರುತ್ತದೆ, ಆಮೇಲೆ ಎಷ್ಟು ಹಾಪ್ಸ್ ಸುರಿದರೂ ಅದು ಮರೆಯಾಗುವುದಿಲ್ಲ.

ಹುದುಗುವ ಭರಾಟೆ ತಗ್ಗಿದ ಮೇಲೆ 60-80 ಗ್ರಾಂ ಹಾಪ್ಸ್ ಕುದಿಸದೆ ಹಾಗೇ ಬಿಯರಿಗೆ ಹಾಕಿ ಮೂರು ದಿನ ಬಿಡು. ಆಮೇಲೆ ಮುಚ್ಚಳ ತೆಗೆತೆಗೆದು ನೋಡಬೇಡ, ಗಾಳಿ ತಾಗಿದಷ್ಟೂ ಘಮ ಸಾಯುತ್ತದೆ. ಮನೆಯಲ್ಲಿ ನಾಯಿ ಇದೆಯಲ್ಲ, ಸೋಸಿದ ಹಾಪ್ಸ್ ಗಸಿಯನ್ನು ಅದರ ಬಾಯಿಗೆ ಸಿಗುವಂತೆ ಎಸೆಯಬೇಡ. ತಿಂದರೆ ನಾಯಿಯ ಮೈಶಾಖ ಏರಿ ಪ್ರಾಣವೇ ಹೋಗಬಹುದು.

ಇಂಡಿಯಾ ಪೇಲ್ ಏಲ್‌ನ ಹಳೆಯ ಕಥೆ ಕೇಳಿರಬೇಕು. 18ನೇ ಶತಮಾನದ ಕೊನೆಗೆ ಲಂಡನ್ನಿನ ಬೋ ಬ್ರೂವರಿಯ ಜಾರ್ಜ್ ಹಾಡ್ಜ್‌ಸನ್‌ನ ಬಿಯರ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ತಿಂಗಳುಗಟ್ಟಲೆ ಪಯಣಿಸಿ ನಮ್ಮ ದೇಶ ಮುಟ್ಟುತ್ತಿತ್ತು. ಕೆಡದಿರಲೆಂದೇ ಅದಕ್ಕೆ ಹಾಪ್ಸ್ ಹೆಚ್ಚು ಹಾಕುತ್ತಿದ್ದರು. ಆ ಕಥೆ ಕೇಳಿ ನಿನ್ನದನ್ನೂ ವರ್ಷವಿಡೀ ಕೂಡಿಡಬೇಡ. ಇಂದಿನ ಐಪಿಎಯಲ್ಲಿ ನಾವು ಹುಡುಕುವುದು ಘಮವನ್ನು, ಎರಡು ಮೂರು ತಿಂಗಳಿಗೆ ಅದು ಮಂಕಾಗುತ್ತದೆ. ಕಂದು ಬಾಟಲಿಯಲ್ಲೇ ತುಂಬು, ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಒಡೆದು ನಾತ ಹೊಡೆಯುತ್ತದೆ. ಇದು ಶೇಕಡಾ 6ರ ಆಸುಪಾಸು ಆಲ್ಕೋಹಾಲ್ ಇರುವ ಬಿಯರ್, ಮಾಮೂಲಿಗಿಂತ ಗಟ್ಟಿ. ಗೆಳೆಯರಿಗೆ ಕೊಡುವ ಮುಂಚೆ ಅವರು ಮನೆಗೆ ಹೇಗೆ ಹೋಗುತ್ತಾರೆಂದು ಕೇಳು.

ಬಾಟಲಿಗೆ ತುಂಬುವ ವಿಷಯದಲ್ಲಿ ಮಾತ್ರ ಅವಸರ ಬೇಡ. ಬಕೆಟ್ಟಿನ ಮುಚ್ಚಳದ ಏರ್‌ಲಾಕಿನಲ್ಲಿ ಗುಳ್ಳೆ ನಿಂತಿತು ಅಂದರೆ ಹುದುಗುವುದು ಮುಗಿಯಿತು ಅಂತಲ್ಲ. ಹೈಡ್ರೋಮೀಟರ್ ಇಳಿಸಿ ನೋಡು, ಮೂರು ದಿನ ಬಿಟ್ಟು ಮತ್ತೆ ನೋಡು. ಸಾಂದ್ರತೆ 1.060ರಲ್ಲಿ ಶುರುವಾದದ್ದು 1.012ರ ಹತ್ತಿರ ಬಂದು ನಿಲ್ಲಬೇಕು. ಸಿಹಿ ಉಳಿದಿರುವಾಗಲೇ ಮುಚ್ಚಳ ಬಿಗಿದರೆ ಒಳಗಿನ ಒತ್ತಡಕ್ಕೆ ಬಾಟಲಿ ಸಿಡಿದು ಗಾಜಿನ ಚೂರು ಕಣ್ಣಿಗೇ ಬಂದೀತು. ಬಾಟಲಿಯಲ್ಲಿ ನೊರೆ ಹುಟ್ಟಲು 19 ಲೀಟರಿಗೆ 115 ಗ್ರಾಂ ಮೆಕ್ಕೆಜೋಳದ ಸಕ್ಕರೆ, ತೂಕ ಮಾಡಿಯೇ ಹಾಕು. ಎರಡೂ ರೀಡಿಂಗ್ ಒಂದೇ ಬಂದ ದಿನ ನನಗೊಂದು ಫೋನ್ ಮಾಡು, ಆಮೇಲೆ ತುಂಬು.