ಆಟದ ನೆನಪು: ಮಾಸ್ ಎಫೆಕ್ಟ್ 2 ಮತ್ತು ಒಂದು ಸಣ್ಣ ಫೈಲ್

ಬೂಲಿಯನ್ ಬೀಜಗಣಿತದ ಪಾಠ ನಡೆಯುವಾಗ ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಾರೆ: “ಸರ್, ಈ ಸೊನ್ನೆ ಒಂದು ಎಲ್ಲ ನಿಜವಾಗಿ ಎಲ್ಲಿ ಉಪಯೋಗಕ್ಕೆ ಬರುತ್ತದೆ?” ಗೇಟುಗಳ ಚಿತ್ರ ಬರೆದು ತೋರಿಸಿದರೆ ತಲೆಯಾಡಿಸುತ್ತಾರೆ, ಆದರೆ ಮುಖದಲ್ಲಿ ನಂಬಿಕೆ ಕಾಣುವುದಿಲ್ಲ. ಈ ಸಲದ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಂಪಾದಕ ಮಂಡಳಿಯ ವಿದ್ಯಾರ್ಥಿಗಳು ಕೇಳಿದಾಗ, ಆ ಪ್ರಶ್ನೆಗೆ ಒಂದು ಕಂಪ್ಯೂಟರ್ ಆಟದ ಮೂಲಕ ಉತ್ತರ ಕೊಡೋಣ ಎನಿಸಿತು. 2010ರ ಜನವರಿ 26ರಂದು ಉತ್ತರ ಅಮೆರಿಕದಲ್ಲಿ ಬಿಡುಗಡೆಯಾದ ಮಾಸ್ ಎಫೆಕ್ಟ್ 2 ಆ ಆಟ. ನಾನಿನ್ನೂ ಅದನ್ನು ಮುಗಿಸಿಲ್ಲ. ಹಾಗಾಗಿ ಇಲ್ಲಿರುವುದು ಮೊದಲ ಅನಿಸಿಕೆ ಮಾತ್ರ.

ಮೊದಲೇ ಒಂದು ಮಾತು. ಅಮೆರಿಕದ ರೇಟಿಂಗ್ ಮಂಡಳಿ ಈ ಆಟವನ್ನು 17 ವರ್ಷ ತುಂಬಿದವರಿಗೆ ಎಂದು ಗುರುತಿಸಿದೆ. ಅದಕ್ಕೆ ಕಾರಣಗಳೂ ಇವೆ. ವಾರ್ಷಿಕ ಪರೀಕ್ಷೆ ಬೇರೆ ಬಾಗಿಲಲ್ಲಿ ನಿಂತಿದೆ. ಲೇಖನ ಓದಲು ಹತ್ತು ನಿಮಿಷ ಸಾಕು, ಆಟ ಮುಗಿಸಲು ಎಷ್ಟೋ ರಾತ್ರಿಗಳು ಬೇಕು. ಯಾವುದನ್ನು ಈಗ ಮಾಡಬೇಕೆಂದು ನಿಮಗೇ ಗೊತ್ತು.

ಇದನ್ನು ತಯಾರಿಸಿದ್ದು ಕೆನಡಾದ ಎಡ್ಮಂಟನ್ ನಗರದ ಬಯೋವೇರ್ ಸಂಸ್ಥೆ. 1995ರಲ್ಲಿ ಅದನ್ನು ಕಟ್ಟಿದವರಲ್ಲಿ ಮೂವರು ವೈದ್ಯರು ಎಂಬುದು ಜೀವಶಾಸ್ತ್ರ ವಿಭಾಗದವರಿಗೆ ಕುತೂಹಲದ ಸಂಗತಿಯಾದೀತು. ರೇ ಮ್ಯೂಜಿಕಾ ಮತ್ತು ಗ್ರೆಗ್ ಝೆಶ್ಚುಕ್ 2012ರವರೆಗೆ ಅದನ್ನು ನಡೆಸುತ್ತಿದ್ದರು. ಮೆಡಿಕಲ್ ಸೀಟು ಸಿಕ್ಕವರೆಲ್ಲ ಸ್ಟೆತಾಸ್ಕೋಪ್ ಹಿಡಿದೇ ನಿವೃತ್ತರಾಗಬೇಕೆಂದಿಲ್ಲ ನೋಡಿ. ಈ ಸಂಸ್ಥೆಯ ವಿಶೇಷತೆ ರೋಲ್ ಪ್ಲೇಯಿಂಗ್ ಆಟಗಳು, ಅಂದರೆ ನಾವೇ ಒಂದು ಪಾತ್ರವಾಗಿ ಕಥೆಯೊಳಗೆ ಹೊಕ್ಕು, ಯಾರೊಂದಿಗೆ ಏನು ಮಾತನಾಡಬೇಕು, ಯಾರನ್ನು ಉಳಿಸಬೇಕು ಎಂದು ತೀರ್ಮಾನಿಸುತ್ತಾ ಸಾಗುವ ಆಟಗಳು.

ಮೊದಲ ಮಾಸ್ ಎಫೆಕ್ಟ್ 2007ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂತು, ಕಂಪ್ಯೂಟರಿಗೆ ಬಂದದ್ದು 2008ರ ಮೇ ತಿಂಗಳಲ್ಲಿ. 22ನೇ ಶತಮಾನದ ಕಥೆ ಅದು. ಮನುಷ್ಯರು ನಕ್ಷತ್ರಗಳ ನಡುವೆ ಓಡಾಡಲು ಕಲಿತಿದ್ದಾರೆ, ಅಲ್ಲಿ ಆಗಲೇ ಬೇರೆ ಬೇರೆ ಜೀವಜಾತಿಗಳ ಆಡಳಿತವೊಂದಿದೆ, ಮನುಷ್ಯರು ಹೊಸದಾಗಿ ಬಂದವರು. ನಾವು ಕಮಾಂಡರ್ ಶೆಪರ್ಡ್. ಗಂಡೋ ಹೆಣ್ಣೋ ನಾವೇ ಆರಿಸಬಹುದು. ನನ್ನ ಶೆಪರ್ಡ್ ಹೆಣ್ಣು. ಜೆನಿಫರ್ ಹೇಲ್ ಅವರ ಧ್ವನಿ ಕೇಳಿದ ಮೇಲೆ ಬದಲಿಸಲು ಮನಸ್ಸಾಗಲಿಲ್ಲ.

ಇದು ಮೂರು ಭಾಗಗಳ ಕಥೆ ಎಂದು ತಯಾರಕರು ಮೊದಲೇ ಹೇಳಿದ್ದರು. ಜೊತೆಗೆ ಇನ್ನೊಂದು ಮಾತು ಕೊಟ್ಟಿದ್ದರು: ಮೊದಲ ಭಾಗದಲ್ಲಿ ನೀವು ಮಾಡಿದ ತೀರ್ಮಾನಗಳು ಎರಡನೆಯದಕ್ಕೂ ಬರುತ್ತವೆ. ಎರಡು ವರ್ಷ ಕಾಯುವಂತೆ ಮಾಡಿದ್ದು ಈ ಮಾತೇ. 2009ರ ಮೊದಲ ಟ್ರೇಲರ್ ಶೆಪರ್ಡ್ ಸತ್ತಿದ್ದಾಳೆಂದು ಸೂಚಿಸಿದಾಗ ಆಡುವವರೆಲ್ಲ ಗಾಬರಿಯಾದರು. ಆಮೇಲೆ ಬಂದ ಸುದ್ದಿ ಇನ್ನೂ ವಿಚಿತ್ರ. ಈ ಭಾಗದ ಕೊನೆಯ ಕಾರ್ಯಾಚರಣೆಯಲ್ಲಿ ಶೆಪರ್ಡ್ ನಿಜವಾಗಿಯೇ ಸಾಯಬಹುದು, ಸತ್ತರೆ ಆ ಶೆಪರ್ಡ್ ಮೂರನೇ ಭಾಗಕ್ಕೆ ಬರಲಾರಳು ಎಂದು.

ತೀರ್ಮಾನಗಳು “ಬರುತ್ತವೆ” ಎಂದರೆ ಏನು? ಆಟ ಉಳಿಸಿದಾಗ ಕಂಪ್ಯೂಟರಿನಲ್ಲಿ ಒಂದು ಫೈಲ್ ಉಳಿಯುತ್ತದಲ್ಲ, ಹೊಸ ಆಟ ಶುರುವಾಗುವಾಗ ಆ ಹಳೆಯ ಫೈಲನ್ನು ಓದುತ್ತದೆ. ಹಿಂದಿನ ಆಟದಿಂದ ಪಾತ್ರವನ್ನು ತರುವುದು ಹೊಸದಲ್ಲ. 1982ರ ವಿಝರ್ಡ್ರಿ 2 ಆಡಬೇಕಾದರೆ ಮೊದಲ ವಿಝರ್ಡ್ರಿಯ ಪಾತ್ರಗಳು ಬೇಕೇ ಬೇಕಿತ್ತು. ಬಯೋವೇರಿನ ಬಾಲ್ಡರ್ಸ್ ಗೇಟ್ 2 ಕೂಡ 2000ದಲ್ಲಿ ಇದನ್ನೇ ಮಾಡಿತು. ಆದರೆ ಮುಖ್ಯವಾಗಿ ಅಲ್ಲಿ ದಾಟಿ ಬಂದದ್ದು ಪಾತ್ರದ ಶಕ್ತಿ, ಅನುಭವ, ಅಂಕಗಳು. ಒಂದು ಶಾಲೆಯಿಂದ ಇನ್ನೊಂದಕ್ಕೆ ಅಂಕಪಟ್ಟಿ ತಂದ ಹಾಗೆ. ಮಾಸ್ ಎಫೆಕ್ಟ್ ತರಲು ಹೊರಟದ್ದು ನಡತೆಯ ಪ್ರಮಾಣಪತ್ರವನ್ನು.

ಈಗ ನಮ್ಮ ಸೊನ್ನೆ ಒಂದಕ್ಕೆ ಬರೋಣ. ನೊವೇರಿಯಾ ಎಂಬ ಹಿಮದ ಗ್ರಹದಲ್ಲಿ ರಾಕ್ನಿ ಎಂಬ ಕೀಟಜಾತಿಯ ಕೊನೆಯ ರಾಣಿ ಗಾಜಿನ ತೊಟ್ಟಿಯಲ್ಲಿ ಸೆರೆಯಾಗಿದ್ದಾಳೆ. ಬಿಟ್ಟುಬಿಟ್ಟರೆ 1, ಕೊಂದರೆ 0. ಒಂದು ತೀರ್ಮಾನ, ಒಂದು ಬಿಟ್. ಇಂಥ ಮೂವತ್ತು ತೀರ್ಮಾನಗಳನ್ನು ಉಳಿಸಲು ನಾಲ್ಕು ಬೈಟ್ ಕೂಡ ಪೂರ್ತಿ ಬೇಡ. ನಿಮ್ಮ ಹೆಸರನ್ನು ಟೈಪ್ ಮಾಡಿದರೆ ಅದಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ.

ಹಾಗಾದರೆ ಎಲ್ಲ ಆಟಗಳೂ ಹೀಗೇಕೆ ಮಾಡುವುದಿಲ್ಲ? ಗುಣಿಸಿ ನೋಡಿ. ಎರಡು ಆಯ್ಕೆಗಳ ಒಂದು ತೀರ್ಮಾನದಿಂದ ಎರಡು ಪ್ರಪಂಚ. ಎರಡು ತೀರ್ಮಾನದಿಂದ ನಾಲ್ಕು. ಹತ್ತು ತೀರ್ಮಾನಕ್ಕೆ 2ರ ಘಾತ 10, ಅಂದರೆ 1,024. ಇಪ್ಪತ್ತಕ್ಕೆ 10,48,576. ಮೂವತ್ತಕ್ಕೆ ಸುಮಾರು 107 ಕೋಟಿ. ನಾಲ್ಕು ಬೈಟಿನೊಳಗೆ ನೂರೇಳು ಕೋಟಿ ಬೇರೆ ಬೇರೆ ಕಥೆಗಳು ಕೂತಿವೆ. ಪ್ರತಿಯೊಂದಕ್ಕೂ ಸಂಭಾಷಣೆ ಬರೆಯಬೇಕು, ನಟರನ್ನು ಕರೆಸಿ ಧ್ವನಿಮುದ್ರಿಸಬೇಕು, ದೃಶ್ಯ ರಚಿಸಬೇಕು ಎಂದರೆ ಎಡ್ಮಂಟನ್ನಿನ ಇಡೀ ಊರು ಕೂತು ಕೆಲಸ ಮಾಡಿದರೂ ಮುಗಿಯದು. ನೆನಪಿಡುವುದು ಅಗ್ಗ, ನೆನಪಿಗೆ ತಕ್ಕಂತೆ ನಡೆದುಕೊಳ್ಳುವುದು ದುಬಾರಿ. ಈ ಆಟದ ರಚನೆಯನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಲೆಕ್ಕ ಸಾಕು.

ಬರಹಗಾರರು ಕಂಡುಕೊಂಡ ದಾರಿ ಹೀಗಿದೆ. ಕಥೆಯ ಹೊಳೆ ಒಂದೇ; ಅಲ್ಲಲ್ಲಿ ಕವಲೊಡೆದು ಮತ್ತೆ ಸೇರುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ವ್ರೆಕ್ಸ್. ಅವನು ಕ್ರೋಗನ್ ಜಾತಿಯ ಯೋಧ, ಮೊದಲ ಭಾಗದಲ್ಲಿ ನಮ್ಮ ಜೊತೆಗಾರ. ವಿರ್ಮೈರ್ ಎಂಬಲ್ಲಿ ಅವನ ಜನಾಂಗದ ಉಳಿವಿಗೆ ಸಂಬಂಧಿಸಿದ ಪ್ರಯೋಗಾಲಯವೊಂದನ್ನು ನಾವು ನಾಶ ಮಾಡಲು ಹೊರಟಾಗ ಅವನು ನಮ್ಮೆದುರೇ ಬಂದೂಕು ಎತ್ತುತ್ತಾನೆ. ಸಮಾಧಾನ ಹೇಳಿ ಒಪ್ಪಿಸಬಹುದು, ಇಲ್ಲವಾದರೆ ಅವನು ಅಲ್ಲೇ ಸಾಯುತ್ತಾನೆ. ಎರಡನೇ ಭಾಗದಲ್ಲಿ ಕ್ರೋಗನ್ನರ ಗ್ರಹವಾದ ತುಚಾಂಕಕ್ಕೆ ಹೋದರೆ, ಬದುಕಿದ್ದವನು ಕುಲದ ನಾಯಕನಾಗಿ ಕಲ್ಲಿನ ಸಿಂಹಾಸನದಿಂದಿಳಿದು ಬಂದು ಕೈ ಕುಲುಕುತ್ತಾನೆ. ಸತ್ತಿದ್ದರೆ ಅದೇ ಸಿಂಹಾಸನದಲ್ಲಿ ಅವನ ಸಂಬಂಧಿ ರೀವ್ ಕೂತಿರುತ್ತಾನೆ. ಜಾಗ ಅದೇ, ನಮಗೆ ಸಿಗುವ ಕೆಲಸವೂ ಅದೇ. ಬದಲಾದದ್ದು ಕೂತವನು ಮಾತ್ರ. ಪ್ರೋಗ್ರಾಮಿನ ಭಾಷೆಯಲ್ಲಿ ಹೇಳಿದರೆ ಒಂದು ಇಫ್, ಒಂದು ಎಲ್ಸ್. ಆದರೆ ಆ ಕೈ ಕುಲುಕುವಿಕೆಗೆ ನಾನು ಎರಡು ವರ್ಷ ಕಾದಿದ್ದೆ. ಅದು ಒಂದೇ ಬಿಟ್ಟಿನ ಕೆಲಸ ಎಂದು ಗೊತ್ತಿದ್ದೂ ಸಂತೋಷ ಕಡಿಮೆಯಾಗಲಿಲ್ಲ.

ಹಳೆಯ ಫೈಲ್ ಇಲ್ಲದವರಿಗೆ? ಆಗ ಡಿಫಾಲ್ಟ್ ಬೆಲೆಗಳು ಜಾರಿಗೆ ಬರುತ್ತವೆ. ಆ ಪ್ರಪಂಚದಲ್ಲಿ ವ್ರೆಕ್ಸ್ ಸತ್ತಿದ್ದಾನೆ, ರಾಕ್ನಿ ರಾಣಿಯೂ ಇಲ್ಲ. ಚರಾಂಶಕ್ಕೆ ಆರಂಭಿಕ ಬೆಲೆ ಕೊಡದೆ ಪ್ರೋಗ್ರಾಂ ಬರೆಯಬೇಡಿ ಎಂದು ಲ್ಯಾಬಿನಲ್ಲಿ ನಾನು ಗೊಣಗುವುದನ್ನು ಇಲ್ಲಿ ನೆನಪಿಸಿಕೊಳ್ಳಿ. ಆರಂಭಿಕ ಬೆಲೆ ಎಂಬುದು ಕೆಲವೊಮ್ಮೆ ಒಬ್ಬರ ಸಾವು ಬದುಕು.

ಸಣ್ಣ ತೀರ್ಮಾನಗಳಿಗೆ ಇನ್ನೂ ಅಗ್ಗದ ಉಪಾಯವಿದೆ: ಹಡಗಿನ ಕಂಪ್ಯೂಟರಿಗೆ ಇಮೇಲ್ ಬರುತ್ತದೆ. ಎಂದೋ ಎಲ್ಲೋ ಸಹಾಯ ಮಾಡಿದ ಒಬ್ಬರು ನಾಲ್ಕು ಸಾಲು ಬರೆದಿರುತ್ತಾರೆ. ಧ್ವನಿ ಬೇಡ, ದೃಶ್ಯ ಬೇಡ. ಹಣ ಉಳಿಸುವ ತಂತ್ರವೆಂದು ಮೂಗು ಮುರಿಯುವವರಿದ್ದಾರೆ. ನನಗಂತೂ ಈ ಪತ್ರಗಳು ಹಿಡಿಸಿದವು. ನಿಜಜೀವನದಲ್ಲೂ ಹಳೆಯ ಉಪಕಾರಗಳು ಹಾಗೆಯೇ ತಿರುಗಿ ಬರುವುದು.

ಒಂದು ಬಿಟ್ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೂ ಆಟದಲ್ಲೇ ಸಾಕ್ಷಿಯಿದೆ. ಕಾನ್ರಾಡ್ ವರ್ನರ್ ಎಂಬ ಅಭಿಮಾನಿ ಮೊದಲ ಭಾಗದಲ್ಲಿ ಶೆಪರ್ಡಳ ಬೆನ್ನು ಹತ್ತಿರುತ್ತಾನೆ. ಅವನಿಗೆ ಸೌಮ್ಯವಾಗಿ ಬುದ್ಧಿ ಹೇಳಬಹುದು, ಬಂದೂಕು ತೋರಿಸಿ ಹೆದರಿಸಲೂಬಹುದು. ಎರಡನೇ ಭಾಗದಲ್ಲಿ ಇಲಿಯಂ ಎಂಬ ಗ್ರಹದಲ್ಲಿ ಸಿಗುವ ಅವನು, ಬುದ್ಧಿ ಹೇಳಿ ಕಳಿಸಿದವರ ಎದುರಲ್ಲೂ ನೀನು ನನ್ನ ಮುಖಕ್ಕೆ ಬಂದೂಕು ಹಿಡಿದಿದ್ದೆ ಎನ್ನುತ್ತಾನೆ. ಫೈಲಿನಲ್ಲಿರುವ ಗುರುತನ್ನು ಓದುವಲ್ಲಿ ಎಡವಟ್ಟಾಗಿದೆ. ಅಲ್ಲಿಯವರೆಗೆ ಮನುಷ್ಯನಂತೆ ಕಂಡವನು ತಟ್ಟನೆ ಕೋಡ್ ಆಗಿಬಿಡುತ್ತಾನೆ.

ಇನ್ನು ಭೌತಶಾಸ್ತ್ರ. ಎರಡನೇ ಭಾಗದ ಆರಂಭ ನನ್ನ ಮಟ್ಟಿಗೆ ಇಡೀ ಆಟದ ಅತ್ಯುತ್ತಮ ಹತ್ತು ನಿಮಿಷ. ನಾರ್ಮಂಡಿ ಹಡಗಿನ ಮೇಲೆ ದಾಳಿಯಾಗಿದೆ, ಎಲ್ಲೆಲ್ಲೂ ಬೆಂಕಿ, ಕಿರುಚಾಟ. ಶೆಪರ್ಡ್ ಒಂದು ಬಾಗಿಲು ತೆರೆದು ಮುಂದಿನ ಕೋಣೆಗೆ ಕಾಲಿಡುತ್ತಾಳೆ. ಅಲ್ಲಿ ಛಾವಣಿ ಹಾರಿಹೋಗಿದೆ, ಮೇಲೆ ಬರಿಯ ಆಕಾಶ. ಆ ಕ್ಷಣ ಎಲ್ಲ ಸದ್ದೂ ನಿಂತು ಅವಳ ಉಸಿರಾಟ ಮಾತ್ರ ಕೇಳುತ್ತದೆ. ಶಬ್ದ ಸಾಗಲು ಮಾಧ್ಯಮ ಬೇಕು ಎಂಬ ವಾಕ್ಯವನ್ನು ಹೈಸ್ಕೂಲಿನಿಂದ ಬಾಯಿಪಾಠ ಮಾಡಿದ್ದೇವೆ, ಅದು ಎದೆಗೆ ತಾಕಿದ್ದು ನನಗೆ ಅಲ್ಲಿ.

ಆಟದ ಹೆಸರಿನ ಹಿಂದಿನ ಕಲ್ಪನೆಯೂ ಸರಳ. ಎಲಿಮೆಂಟ್ ಜೀರೋ ಎಂಬ ಕಾಲ್ಪನಿಕ ವಸ್ತುವಿನ ಮೂಲಕ ವಿದ್ಯುತ್ ಹರಿಸಿದರೆ ಸುತ್ತಲಿನ ದ್ರವ್ಯರಾಶಿ ಹೆಚ್ಚುತ್ತದೆ ಅಥವಾ ಕಡಿಮೆಯಾಗುತ್ತದೆ. ನ್ಯೂಟನ್ನನ ಎರಡನೇ ನಿಯಮದ ಪ್ರಕಾರ ಬಲ ಅಷ್ಟೇ ಇದ್ದು ದ್ರವ್ಯರಾಶಿ ಹತ್ತನೇ ಒಂದು ಭಾಗವಾದರೆ ವೇಗೋತ್ಕರ್ಷ ಹತ್ತು ಪಟ್ಟು. ಹಡಗುಗಳೂ ಗುಂಡುಗಳೂ ಅಷ್ಟು ವೇಗವಾಗಿ ಹಾರುವುದು ಹೀಗೆ. ಶಕ್ತಿಯ ಸಂರಕ್ಷಣೆ ಏನಾಯಿತು ಎಂದು ಕೇಳಬೇಡಿ. ಒಂದು ಸುಳ್ಳನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ಲೆಕ್ಕಕ್ಕೆ ಬರಬೇಕು ಎನ್ನುವುದೇ ವಿಜ್ಞಾನ ಕಥೆಯ ಒಪ್ಪಂದ. ನಾರ್ಮಂಡಿ ಶತ್ರುಗಳ ಕಣ್ಣಿಗೆ ಬೀಳದಿರುವ ವಿಧಾನ ಇದಕ್ಕಿಂತ ಚೆನ್ನಾಗಿದೆ. ನಿರ್ವಾತದಲ್ಲಿ ಉಷ್ಣವಹನವೂ ಇಲ್ಲ, ಸಂವಹನವೂ ಇಲ್ಲ. ಹಡಗಿನ ಬಿಸಿ ವಿಕಿರಣದ ಮೂಲಕವೇ ಹೊರಹೋಗಬೇಕು, ಆ ವಿಕಿರಣವೇ ಅದನ್ನು ಹಿಡಿದುಕೊಡುತ್ತದೆ. ನಾರ್ಮಂಡಿ ತನ್ನ ಶಾಖವನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚು ಹೊತ್ತು ಹಿಡಿದಿಟ್ಟರೆ ಒಳಗಿನವರೇ ಬೇಯುತ್ತಾರೆ.

ಇದೇ ಕಾರಣಕ್ಕೆ ಹೊಸ ಬಂದೂಕುಗಳು ನನಗೆ ಸ್ವಲ್ಪ ಬೇಸರ ತಂದವು. ಹಿಂದಿನ ಭಾಗದಲ್ಲಿ ಬಂದೂಕಿಗೆ ಗುಂಡು ಮುಗಿಯುತ್ತಿರಲಿಲ್ಲ, ಆದರೆ ಬಿಸಿಯಾಗುತ್ತಿತ್ತು, ತಣಿಯುವವರೆಗೆ ಕಾಯಬೇಕಿತ್ತು. ಈಗ ಬಿಸಿಯನ್ನು ಹೀರುವ ಥರ್ಮಲ್ ಕ್ಲಿಪ್ಪುಗಳನ್ನು ಹೆಕ್ಕಿಕೊಂಡು ಓಡಬೇಕು. ಕಾದಾಟ ಚುರುಕಾಗಿದೆ, ಒಪ್ಪುತ್ತೇನೆ. ಆದರೆ ಅಪರೂಪದ ಒಂದು ಯೋಚನೆ ಹೋಗಿ, ಎಲ್ಲ ಆಟಗಳಲ್ಲಿರುವ ಗುಂಡಿನ ಪೆಟ್ಟಿಗೆ ಬಂದಿದೆ. ಆರು ಚಕ್ರದ ಮಾಕೋ ಗಾಡಿಯೂ ಇಲ್ಲ. ಅದರ ಬದಲು ಗ್ರಹಗಳನ್ನು ಮೇಲಿನಿಂದ ಸ್ಕ್ಯಾನ್ ಮಾಡಿ ಪ್ಲಾಟಿನಂ, ಪಲ್ಲೇಡಿಯಂ, ಇರಿಡಿಯಂ ಹುಡುಕಬೇಕು. ಮೂರೂ ಡಿ ಬ್ಲಾಕಿನ ಧಾತುಗಳೆಂದು ರಸಾಯನಶಾಸ್ತ್ರದವರು ಖುಷಿಪಡಲಿ. ಉಳಿದವರಿಗೆ ಇದು ಹಾಜರಿ ಕರೆಯುವಷ್ಟೇ ರೋಚಕ.

ಕೊನೆಯದಾಗಿ, ಜೀವಶಾಸ್ತ್ರದವರಿಗೆ ಮತ್ತು ಮೆಡಿಕಲ್ ಓದಬೇಕೆಂದಿರುವವರಿಗೆ. ಮಾರ್ಡಿನ್ ಸೋಲಸ್ ಎಂಬ ವಿಜ್ಞಾನಿ ಈ ಭಾಗದ ಹೊಸ ಜೊತೆಗಾರ. ಸಲೇರಿಯನ್ ಜಾತಿಯವನು, ಆ ಜಾತಿಯ ಆಯುಸ್ಸು ಸುಮಾರು ನಲವತ್ತೇ ವರ್ಷ, ಅದಕ್ಕೇ ಇರಬೇಕು, ಅರ್ಧ ವಾಕ್ಯಗಳಲ್ಲಿ ಮಾತಾಡುತ್ತಾನೆ. ಕ್ರೋಗನ್ನರ ಸಂಖ್ಯೆ ಏರದಂತೆ ಅವರ ವಂಶವಾಹಿಗಳಲ್ಲಿ ಹರಡಿದ ಜೀನೋಫೇಜ್ ಎಂಬ ಸೋಂಕಿನಿಂದಾಗಿ ಅವರಲ್ಲಿ ಸಾವಿರಕ್ಕೆ ಒಂದು ಮಗು ಮಾತ್ರ ಜೀವಂತ ಹುಟ್ಟುತ್ತದೆ. ಅವರ ದೇಹ ಅದನ್ನು ಮೀರತೊಡಗಿದಾಗ ಸೋಂಕನ್ನು ತಿದ್ದಿ ಮತ್ತೆ ಬಲಪಡಿಸಿದ ತಂಡದಲ್ಲಿದ್ದವನು ಈ ಮಾರ್ಡಿನ್. ಈಗ ಅವನ ಹಳೆಯ ಶಿಷ್ಯ ಮೇಲಾನ್, ಗುರುವಿನ ಕೆಲಸದ ಪಾಪಪ್ರಜ್ಞೆಯಿಂದ, ಮದ್ದು ಹುಡುಕಲು ತುಚಾಂಕದಲ್ಲಿ ಜೀವಂತ ದೇಹಗಳ ಮೇಲೆ ಕ್ರೂರ ಪ್ರಯೋಗ ನಡೆಸಿದ್ದಾನೆ. ಪ್ರಯೋಗಾಲಯದಲ್ಲಿ ಸತ್ತು ಬಿದ್ದ ಒಬ್ಬ ಕ್ರೋಗನ್ ಹೆಂಗಸು ಮದ್ದು ಸಿಗಬಹುದೆಂಬ ಆಸೆಯಿಂದ ತಾನಾಗಿಯೇ ಬಂದವಳು. ಕೊನೆಗೆ ಮೇಲಾನನ ದತ್ತಾಂಶ ನಮ್ಮ ಮುಂದಿರುತ್ತದೆ. ಇಟ್ಟುಕೊಳ್ಳಬೇಕೋ, ಅಳಿಸಬೇಕೋ?

ಇದು ಕಟ್ಟುಕಥೆಯ ಪ್ರಶ್ನೆಯಲ್ಲ. ಡಖಾವ್ ಸೆರೆಶಿಬಿರದಲ್ಲಿ ನಾಜಿ ವೈದ್ಯರು ಕೈದಿಗಳನ್ನು ಹಿಮದಂಥ ನೀರಿನಲ್ಲಿ ಮುಳುಗಿಸಿ ದೇಹ ತಣ್ಣಗಾಗುವುದನ್ನು ಅಳೆದಿದ್ದರು. ಅಂಥ ವೈದ್ಯರ ವಿಚಾರಣೆಯಿಂದಲೇ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಹುಟ್ಟಿತು. ಪ್ರಯೋಗಕ್ಕೆ ಒಳಗಾಗುವವರ ಸ್ವಇಚ್ಛೆಯ ಒಪ್ಪಿಗೆ ಅದರ ಮೊದಲ ಷರತ್ತು. ಆ ಅಂಕಿಗಳನ್ನು ಬಳಸಬಹುದೇ ಎಂಬ ವಾದ ದಶಕಗಳ ಕಾಲ ನಡೆಯಿತು. 1990ರಲ್ಲಿ ರಾಬರ್ಟ್ ಬರ್ಗರ್ ಎಂಬ ವೈದ್ಯರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅವುಗಳನ್ನು ಪರಿಶೀಲಿಸಿ, ಆ ಪ್ರಯೋಗಗಳು ವಿಜ್ಞಾನವಾಗಿಯೂ ನಂಬಲರ್ಹವಲ್ಲ ಎಂದು ತೋರಿಸಿದರು. ಆಟ ಈ ಸಾಧ್ಯತೆಯನ್ನು ಎತ್ತುವುದಿಲ್ಲ. ಮೇಲಾನನ ದತ್ತಾಂಶ ಸರಿಯಾಗಿಯೇ ಇದೆ ಎಂದು ಅದು ಭಾವಿಸುತ್ತದೆ, ಹಾಗಾಗಿ ಪ್ರಶ್ನೆ ಇನ್ನಷ್ಟು ಕಠಿಣವಾಗುತ್ತದೆ. ಅಳಿಸಿದರೆ ಆ ಹೆಂಗಸು ಸತ್ತದ್ದು ವ್ಯರ್ಥ. ಉಳಿಸಿದರೆ ಮುಂದಿನ ಮೇಲಾನನಿಗೆ ಅನುಮತಿ ಕೊಟ್ಟಂತೆ.

ನಾನು ಬಹಳ ಹೊತ್ತು ಮೌಸ್ ಹಿಡಿದು ಕೂತಿದ್ದು, ಉಳಿಸು ಎಂದೆ. ಒತ್ತಾಯದಿಂದ ಬಂದವರಿಗಾಗಿ ಅಲ್ಲ, ತಾನಾಗಿ ಬಂದ ಆ ಒಬ್ಬಳಿಗಾಗಿ. ನನ್ನ ಸಹೋದ್ಯೋಗಿ, ಜೀವಶಾಸ್ತ್ರದ ಮೇಡಂ, ಸ್ಟಾಫ್ ರೂಮಿನಲ್ಲಿ ಇದನ್ನು ಕೇಳಿ ಒಪ್ಪಲಿಲ್ಲ, ಅಳಿಸಲೇಬೇಕಿತ್ತು ಎಂದರು. ದ್ವಿತೀಯ ಪಿಯುಸಿಯವರು ಅವರ ಬಳಿಯೂ ಕೇಳಿ ನೋಡಿ, ಅವರ ವಾದ ನನ್ನದಕ್ಕಿಂತ ಗಟ್ಟಿಯಾಗಿದೆ.

ಈ ತೀರ್ಮಾನದಿಂದ ಎರಡನೇ ಭಾಗದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಅದು ಮೂರನೆಯದಕ್ಕಾಗಿ ಕಾಯುತ್ತಿದ್ದ ಬಿಟ್. 2010ರ ಆರಂಭದಲ್ಲಿ ಆ ಭಾಗದ ದಿನಾಂಕ ಇನ್ನೂ ಘೋಷಣೆಯಾಗಿರಲಿಲ್ಲ. ಮೈ ಡಾಕ್ಯುಮೆಂಟ್ಸ್ ಒಳಗೆ ಬಯೋವೇರ್ ಎಂಬ ಫೋಲ್ಡರಿನಲ್ಲಿರುವ ಆ ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಹಳೆಯ ಪ್ರಶ್ನೆಪತ್ರಿಕೆಗಳ ಪಕ್ಕದಲ್ಲಿ ಇಟ್ಟಿದ್ದೇನೆ.