ಗೇರ್‌ಬಾಕ್ಸ್ ಇಳಿಸೋ ಮೊದಲು

ತಮ್ಮಾ, ಹಳೇ ಓಮ್ನಿ ತಗೊಂಡೆಯಂತೆ, ಸಂತೋಷ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದ ಗಾಡಿ ಅದು, ಓಮ್ನಿ ಅನ್ನೋ ಹೆಸರು ಆಮೇಲೆ ಬಂತು. 2019ಕ್ಕೆ ತಯಾರಿಕೆಯೇ ನಿಂತುಹೋಯ್ತು. ಅಂದರೆ ಇವತ್ತು ರಸ್ತೆಯಲ್ಲಿರೋ ಓಮ್ನಿಗಳೆಲ್ಲ ವಯಸ್ಸಾದವೇ. ಮುಂದಿನ ಸೀಟಿನಡಿ 796 ಸಿಸಿಯ ಪುಟ್ಟ ಇಂಜಿನ್ನು, ಗಾಡಿ ಎಳೆಯೋದು ಹಿಂದಿನ ಚಕ್ರ. ಮನೆಮಂದಿಯನ್ನೆಲ್ಲ ತುಂಬಿಕೊಂಡು, ಮೇಲೆ ಕ್ಯಾರಿಯರ್ ತುಂಬ ಲಗೇಜು ಕಟ್ಟಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತಿಸಿದರೆ ಮೊದಲು ಸುಸ್ತಾಗೋದು ಕ್ಲಚ್ಚೇ.

ಗಾಡಿ ಎಳೀತಿಲ್ಲ ಅಂತ ನೀನು ಗ್ಯಾರೇಜಿಗೆ ಹೋದ ಕೂಡಲೇ "ಕ್ಲಚ್ ಸೆಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಿಬಿಡೋಣ" ಅಂತಾರೆ. ಹೋಗಿರಲೂಬಹುದು. ಆದರೆ ಹೂಂ ಅನ್ನೋ ಮೊದಲು ಹತ್ತು ನಿಮಿಷ ನೀನೇ ನೋಡು.

ಇಂಜಿನ್ ಆಫ್ ಮಾಡಿ ಕ್ಲಚ್ ಪೆಡಲನ್ನು ಕೈಯಲ್ಲೇ ಒತ್ತಿ ನೋಡು. ಮೊದಲು ಸ್ವಲ್ಪ ಸಡಿಲವಾಗಿ ಇಳಿದು, ಆಮೇಲೆ ಬಿಗಿ ಸಿಗಬೇಕು. ಆ ಸಡಿಲವೇ ಫ್ರೀ ಪ್ಲೇ, ಸುಮಾರು ಮುಕ್ಕಾಲು ಇಂಚು ಇದ್ದರೆ ಚೆನ್ನ. ಓಮ್ನಿಯದ್ದು ಕೇಬಲ್ ಕ್ಲಚ್, ಆಯಿಲ್ ಗೀಯಿಲ್ ಇಲ್ಲ. ಪ್ಲೇಟ್ ಸವೆದಂತೆ ಈ ಸಡಿಲ ಹೆಚ್ಚಾಗುತ್ತೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಇಲ್ಲ, ಕಮ್ಮಿಯಾಗುತ್ತೆ. ಪೂರ್ತಿ ಹೋಯ್ತು ಅಂದರೆ ಕಾಲು ಇಡದಿದ್ದರೂ ಅರ್ಧ ಒತ್ತಿಟ್ಟ ಲೆಕ್ಕ. ಪ್ಲೇಟ್ ಗಟ್ಟಿ ಹಿಡಿಯಲ್ಲ, ಜಾರಿ ಜಾರಿ ಸುಡುತ್ತೆ. ಗೇರ್‌ಬಾಕ್ಸ್ ಪಕ್ಕ ಕೇಬಲ್ ತುದಿಯಲ್ಲಿರೋ ನಟ್ ಸಡಿಲಿಸಿದರೆ ಎಷ್ಟೋ ಸಲ ಗಾಡಿ ಮತ್ತೆ ಎಳೆಯುತ್ತೆ. ಸಡಿಲಿಸೋಕೆ ದಾರವೇ ಉಳಿದಿಲ್ಲ ಅಂದರೆ ಪ್ಲೇಟಿನ ಆಯಸ್ಸು ಮುಗೀತು.

ಕೇಬಲ್ ಹಿಗ್ಗಿದ್ದರೆ ಕತೆ ಉಲ್ಟಾ. ಪೆಡಲ್ ಪೂರ್ತಿ ತುಳಿದರೂ ಕ್ಲಚ್ ಬಿಡಲ್ಲ, ರಿವರ್ಸ್ ಹಾಕುವಾಗ ಕರ್ ಅನ್ನುತ್ತೆ. ಅಂಥದಕ್ಕೆ ನಟ್ ಬಿಗಿ ಮಾಡಬೇಕು, ಇಲ್ಲವೇ ಕೇಬಲ್ ಬದಲಿಸಬೇಕು.

ಜಾರುತ್ತಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ, ಮುಂದೆ ಹಿಂದೆ ಯಾರೂ ಇಲ್ಲದ ಸಮತಟ್ಟಾದ ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಡು. ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಸ್ಟಾರ್ಟ್ ಮಾಡಿ, ಮೂರನೇ ಗೇರ್ ಹಾಕಿ, ನಿಧಾನಕ್ಕೆ ಕ್ಲಚ್ ಬಿಡು. ಇಂಜಿನ್ ತಟ್ಟನೆ ಆಫ್ ಆಗಬೇಕು. ಆಗದೆ ಓಡ್ತಾನೇ ಇದ್ದರೆ ಪ್ಲೇಟ್ ಜಾರ್ತಿದೆ ಅಂತ ಅರ್ಥ. ಒಂದೇ ಸಲ ಸಾಕು, ಮತ್ತೆ ಮತ್ತೆ ಮಾಡಿ ಇರೋದನ್ನೂ ಸುಡಬೇಡ.

ಇನ್ನು ಸದ್ದು. ದುಡ್ಡು ಕಳಕೊಳ್ಳೋದೇ ಇಲ್ಲಿ. ಪೆಡಲ್ ತುಳಿದಾಗ ಕಿರ್ ಅಂದರೆ ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಬಂದು, ತುಳಿದರೆ ಮಾಯವಾಗೋ ಸದ್ದು ಬಹುಮಟ್ಟಿಗೆ ಗೇರ್‌ಬಾಕ್ಸಿನ ಬೇರಿಂಗಿನದು. ಅದಕ್ಕೆ ಕ್ಲಚ್ ಸೆಟ್ ಹಾಕಿಸಿದರೆ ದುಡ್ಡೂ ಹೋಯ್ತು, ಸದ್ದೂ ಉಳೀತು. ಫಸ್ಟ್ ಗೇರಲ್ಲಿ ಎತ್ತುವಾಗ ಗಾಡಿಯೆಲ್ಲ ನಡುಗಿದರೆ ಮೊದಲು ಇಂಜಿನ್ ಮೌಂಟಿಂಗ್ ರಬ್ಬರ್ ನೋಡಿಸು, ಅಗ್ಗದ ಸಾಮಾನು.

ಕೊನೆಗೆ ಇಳಿಸಲೇಬೇಕು ಅಂತಾದರೆ ಅಲ್ಲೇ ನಿಂತ್ಕೋ. ಜ್ಯಾಕ್ ಒಂದನ್ನೇ ನಂಬಿ ಯಾರನ್ನೂ ಗಾಡಿಯಡಿ ನುಗ್ಗಿಸಬೇಡ, ಸ್ಟ್ಯಾಂಡ್ ಕೊಡಿಸು. ಒಳಗಿನ ಧೂಳನ್ನು ಏರ್ ಹೊಡೆದು ಹಾರಿಸೋಕೆ ಬಿಡಬೇಡ. ಹಳೇ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಶ್ವಾಸಕೋಶಕ್ಕೆ ಕೆಟ್ಟದ್ದು, ಒದ್ದೆ ಬಟ್ಟೆಯಲ್ಲಿ ಒರೆಸಲಿ. ಹಳೇ ಪ್ಲೇಟನ್ನು ಕೇಳಿ ಇಸ್ಕೋ. ರಿವೆಟ್ಟಿನ ತಲೆ ಲೈನಿಂಗಿನ ಮಟ್ಟಕ್ಕೆ ಬಂದಿದ್ದರೆ ಬದಲಿಸಿದ್ದು ನ್ಯಾಯ. ಕಪ್ಪಗೆ, ಜಿಡ್ಡುಜಿಡ್ಡಾಗಿದ್ದರೆ ಮೂಸಿ ನೋಡು. ಗಂಧಕದ ಹಾಗೆ ಘಾಟು ಬಂದರೆ ಗೇರ್ ಆಯಿಲ್, ಇಲ್ಲದಿದ್ದರೆ ಇಂಜಿನ್ ಹಿಂಬದಿಯ ಸೀಲ್ ಸೋರಿರಬೇಕು. ಸೀಲ್ ಬದಲಿಸದೆ ಹಾಕಿದ ಹೊಸ ಪ್ಲೇಟಿಗೂ ಅದೇ ಗತಿ.

ಫ್ಲೈವೀಲ್ ಮೇಲೆ ನೀಲಿ ಮಚ್ಚೆ, ಗೀರು ಕಂಡರೆ ಲೇತಿಗೆ ಕಳಿಸಿ ಸಮ ಮಾಡಿಸು. ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿಸಿಬಿಡು. ಬೇರಿಂಗಿನಲ್ಲಿ ಉಳಿಸಿದ ಕಾಸಿಗೆ ಇನ್ನೊಂದು ಸಲ ಗೇರ್‌ಬಾಕ್ಸ್ ಇಳಿಸೋ ಕೂಲಿ ತೆರೋದು ಜಾಣತನವಲ್ಲ. ಪ್ಲೇಟಿನ ಯಾವ ಮುಖ ಫ್ಲೈವೀಲ್ ಕಡೆ ಅಂತ ನೋಡಿಯೇ ಕೂರಿಸಲಿ, ತಿರುಗುಮುರುಗಾದರೆ ಕ್ಲಚ್ ಬಿಡಲ್ಲ. ಗೇರ್‌ಬಾಕ್ಸ್ ಶಾಫ್ಟಿನ ಹಲ್ಲುಗಳಿಗೆ ಸೋಕಿದಷ್ಟು ಗ್ರೀಸ್ ಸಾಕು. ಕೂರಿಸುವಾಗ ಗೇರ್‌ಬಾಕ್ಸಿನ ಭಾರವನ್ನೆಲ್ಲ ಶಾಫ್ಟಿನ ಮೇಲೆ ನೇತುಬಿಟ್ಟರೆ ಹೊಸ ಪ್ಲೇಟಿನ ನಡುಭಾಗ ಬಾಗುತ್ತೆ. ಅವಸರದ ಹುಡುಗರು ಇದನ್ನೇ ಮಾಡ್ತಾರೆ, ಕಣ್ಣಿಟ್ಟಿರು.

ಆಮೇಲಿನದ್ದು ನಿನ್ನ ಕಾಲಿನ ಕೈಲಿದೆ. ಓಡಿಸುವಾಗ ಪೆಡಲ್ ಮೇಲೆ ಕಾಲಿಟ್ಟು ಕೂರಬೇಡ. ಏರಲ್ಲಿ ಹಾಫ್ ಕ್ಲಚ್ಚಲ್ಲಿ ಗಾಡಿ ನಿಲ್ಲಿಸೋ ಶೋಕಿಯೂ ಬೇಡ, ಹ್ಯಾಂಡ್‌ಬ್ರೇಕ್ ಇರೋದೇ ಅದಕ್ಕೆ. ಪೆಡಲ್ ದಿನದಿನಕ್ಕೆ ಬಿಗಿಯಾಗ್ತಿದೆ ಅನ್ನಿಸಿದರೆ ಕೇಬಲಿನ ಎಳೆ ಬಿಡ್ತಿದೆ ಅಂತ ತಿಳ್ಕೋ. ಅದು ಕಡಿಯೋದು ಘಾಟಿಯಲ್ಲೇ ಆಗಬಹುದು. ಇವತ್ತೇ ಹೊಸ ಕೇಬಲ್ ಒಂದು ತಂದು ಗಾಡಿಯಲ್ಲಿ ಇಟ್ಕೋ. ಮುಂದಿನ ಸೀಟಿನಡಿ ಮಾತ್ರ ಬೇಡ, ಅಲ್ಲಿ ಇಂಜಿನ್ ಇದೆ.